ಅರ್ಧ ಗೇಣು ತಗ್ಗಿನ ಅಡುಗೆಕಟ್ಟೆ

ಮೂರು ಫ್ಲಾಟು ರಿಪೇರಿ ಮಾಡುವುದು ಪೇಂಟರ್‌ಗೆ ಕಷ್ಟವೆನಿಸಿರಲಿಲ್ಲ. ಅವನ್ನು ಮಾರಿಕೊಡಲು ಒಬ್ಬ ಏಜೆಂಟನನ್ನು ಆರಿಸುವುದಿದೆಯಲ್ಲ, ಅದು ಅವನ ತಲೆ ತಿಂದುಹಾಕಿತು. ಗೋಡೆಯಾದರೆ ಅಂಗೈಯಲ್ಲಿ ಸವರಿದರೆ ಸಾಕು, ತನ್ನ ಹುಳುಕನ್ನು ತಾನೇ ಹೇಳುತ್ತದೆ. ಏಜೆಂಟನನ್ನು ಎಲ್ಲಿ ಅಂತ ಸವರುವುದು?

ಫ್ಲಾಟುಗಳು ಅವನವೂ ಹೌದು, ಅವನಣ್ಣನವೂ ಹೌದು. ಅಣ್ಣ ಗಾರೆ, ಟೈಲ್ಸ್ ಕೆಲಸದವನು, ಇವನು ಬಣ್ಣದವನು. ಜನ್ಮವಿಡೀ ಬೇರೆಯವರ ಮನೆ ಚಂದ ಮಾಡಿ ಮಾಡಿ ಸುಸ್ತಾಗಿ, ಇಬ್ಬರೂ ಸೇರಿ ಹಳೇ ಕಟ್ಟಡವೊಂದರಲ್ಲಿ ಹಾಳುಬಿದ್ದಿದ್ದ ಮೂರು ಫ್ಲಾಟು ಕೊಂಡಿದ್ದರು. ಚೊಕ್ಕ ಮಾಡುವುದು, ಮಾರುವುದು, ಬಂದದ್ದನ್ನು ಸಮ ಹಂಚಿಕೊಳ್ಳುವುದು, ಆಮೇಲೆ ಯಾರ ಬಾಗಿಲಲ್ಲೂ ಸಾರ್ ಸಾರ್ ಅಂತ ನಿಲ್ಲದೆ ಇರುವುದು, ಇಷ್ಟೇ ಯೋಚನೆ. ಎರಡು ಮುಗಿದವು. ಮೂರನೆಯದರ ಕೊನೆಯ ಟೈಲಿನ ಸಂದಿಗೆ ಸಿಮೆಂಟು ತುಂಬಿ, ಕೈ ತೊಳೆದು, ಉಸ್ಸಪ್ಪಾ ಎಂದು ಬಾಲ್ಕನಿಯಲ್ಲಿ ಕೂತ ಅಣ್ಣ ಮತ್ತೆ ಏಳಲಿಲ್ಲ. ಡಾಕ್ಟರು ಹೃದಯ ಅಂದರು.

ಅತ್ತಿಗೆ ಆಮೇಲೆ ಆ ಕಟ್ಟಡದ ಕಡೆ ತಲೆ ಹಾಕಿಯೂ ಮಲಗಲಿಲ್ಲ.

"ನೀನೇ ನೋಡಿ ಯಾರಿಗಾದ್ರೂ ಒಪ್ಪಿಸು ಚಿಕ್ಕೋನೇ. ನನ್ನ ಮಾತ್ರ ಅಲ್ಲಿಗೆ ಕರೀಬೇಡ."

"ಆಮೇಲೆ ಏಜೆಂಟ್ ಸರಿಯಿಲ್ಲ ಅಂತ ನನ್ನ ಬೈಬಾರ್ದು ಮತ್ತೆ."

"ಬೈತೀನಪ್ಪ. ನಿನ್ನ ಬಿಟ್ರೆ ಬೈಯೋಕೆ ಇನ್ಯಾರಿದಾರೆ ನಂಗೆ?"

ಪೇಂಟರ್‌ಗೆ ರೇಟಿನ ಚಿಂತೆ ಎರಡನೆಯದು. ಅಣ್ಣನ ಕೈಕೆಲಸವನ್ನು ಕಣ್ಣಿಟ್ಟು ನೋಡುವವನು ಸಿಗಬೇಕು, ಅಂಥವನ ಕೈಗೇ ಬೀಗದಕೈ ಕೊಡಬೇಕು ಎಂದು ಹಟ ಹಿಡಿದಿದ್ದ. ಅಣ್ಣತಮ್ಮಂದಿರದು ಒಂದು ರೂಢಿಯಿತ್ತು. ಹೊಸ ಗಿರಾಕಿ ಬಂದರೆ ಇಬ್ಬರೂ ಬಾಯಿಗೆ ಬೀಗ ಹಾಕಿ ಮೂಲೆಯಲ್ಲಿ ನಿಲ್ಲುವರು. ಆಸಾಮಿ ಮೊದಲು ಎಲ್ಲಿ ನೋಡುತ್ತಾನೆ ಅನ್ನುವುದರ ಮೇಲೆ ಅವನ ಯೋಗ್ಯತೆ ಅಳೆಯುವರು. ಏಜೆಂಟರಿಗೂ ಅದೇ ಪರೀಕ್ಷೆ.

ಮೊದಲು ಬಂದವನ ಬೂಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವನು ಮೊದಲು ನೋಡಿದ್ದು ಫೋನು, ಆಮೇಲೆ ನೋಡಿದ್ದೂ ಫೋನು. ಬಾಗಿಲಲ್ಲೇ ನಿಂತು ಆಕಾಶದೆತ್ತರದ ರೇಟು ಹೇಳಿದ.

"ಒಳಗೆ ಬಂದು ನೋಡಲ್ವಾ ಸಾರ್?"

"ಮಾಲು ಗೊತ್ತಾಯ್ತು ಬಿಡಿ. ಸೈನ್ ಹಾಕಿ, ಮಿಕ್ಕಿದ್ದು ನಂಗೆ ಬಿಡಿ."

"ಮಾರೋಕಾಗ್ಲಿಲ್ಲ ಅಂದ್ರೆ?"

"ಆಮೇಲೆ ರೇಟ್ ಇಳಿಸೋಣ."

ಪೇಂಟರ್ ಅವನನ್ನು ಮೆಟ್ಟಿಲ ತನಕ ನಯವಾಗಿ ಇಳಿಸಿ ಬಂದ.

ಎರಡನೆಯವಳು ಪಕ್ಕದ ಬೀದಿಯ ಹೆಂಗಸು, ಇದೇ ಕಟ್ಟಡದಲ್ಲಿ ಎರಡು ಫ್ಲಾಟು ಮಾರಿಸಿದ್ದವಳು. ಅವಳ ಸೊಂಟದಲ್ಲಿ ಅಳತೆ ಟೇಪು. ನಮಸ್ಕಾರ ಕೂಡ ಹೇಳದೆ ನಲ್ಲಿ ತಿರುಗಿಸಿದಳು, ಕಿಟಕಿ ತೆಗೆದು ಮುಚ್ಚಿದಳು, ಟೈಲ್ಸ್ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟುತ್ತಾ ಮೂರೂ ಫ್ಲಾಟು ಸುತ್ತಿ ಮೂರನೆಯದರ ಅಡುಗೆಮನೆಯಲ್ಲಿ ನಿಂತಳು. ಒಂದೂ ಟೊಳ್ಳು ಸದ್ದು ಬರಲಿಲ್ಲ. ಪೇಂಟರ್‌ನ ಎದೆ ಉಬ್ಬಿತು. ಆದರೆ ಹೊಗಳಿಕೆ ಅನ್ನುವುದು ಅವಳ ಜಾತಕದಲ್ಲೇ ಇರಲಿಲ್ಲ.

"ಮೂರನ್ನೂ ಒಟ್ಟಿಗೆ ಮಾರಾಟಕ್ಕಿಡಬೇಡಿ. ಜನ ಒಂದಕ್ಕೊಂದು ತಾಳೆ ಹಾಕಿ ಚೌಕಾಸಿಗೆ ಕೂರ್ತಾರೆ. ಒಂದು ಹೋಗಲಿ, ಆಮೇಲೆ ಇನ್ನೊಂದು. ಇದೊಂದು ಸದ್ಯಕ್ಕೆ ಹೋಗಲ್ಲ."

"ಯಾಕಮ್ಮ? ಇದೇ ಎಲ್ಲಕ್ಕಿಂತ ಚೆನ್ನಾಗಿರೋದು!"

"ಅಡುಗೆಕಟ್ಟೆ ತಗ್ಗಾಯ್ತು. ಬಗ್ಗಿ ಬಗ್ಗಿ ಯಾರ್ರೀ ಅಡುಗೆ ಮಾಡ್ತಾರೆ? ಎತ್ತರಿಸಿ."

"ನಮ್ಮಣ್ಣ ನೂಲಿನಷ್ಟೂ ತಪ್ಪೋನಲ್ಲ."

ಅವಳು ಸುಮ್ಮನೆ ಟೇಪು ಹಿಡಿದು ತೋರಿಸಿದಳು. ಉಳಿದೆರಡು ಫ್ಲಾಟುಗಳ ಕಟ್ಟೆಗಿಂತ ಇದು ಅರ್ಧ ಗೇಣು ತಗ್ಗು. "ಯೋಚಿಸಿ ಫೋನ್ ಮಾಡಿ" ಎಂದು ಹೊರಟೇಹೋದಳು.

ಪೇಂಟರ್ ಟೇಪು ಹುಡುಕಿ ತಾನೂ ಅಳೆದ. ಆ ಕಟ್ಟೆಯ ಹಿಂದಿನ ಗೋಡೆಗೆ ಬಣ್ಣ ಬಳಿದವನು ತಾನೇ, ಆದರೂ ಗಮನಿಸಿರಲಿಲ್ಲ. ಅಡುಗೆ ಮಾಡಿದ್ದರೆ ತಾನೇ ಗಮನಿಸುವುದು? ಅಣ್ಣ ಅಳತೆ ತಪ್ಪಿದನೇ? ಸಾಯುವ ಮುಂಚೆಯೇ ತಲೆ ತಿರುಗುತ್ತಿತ್ತೇನೋ, ಪಾಪ, ಹೇಳಿಕೊಳ್ಳಲಿಲ್ಲವೇನೋ. ಕಟ್ಟೆಗೆ ಎದುರಾಗಿ ನಿಂತ. ಕೈ ಎಲ್ಲೋ ಕೆಳಗೆ ಹೋಯಿತು. ಇದು ತನ್ನ ಅಳತೆಯಲ್ಲ, ಅಣ್ಣನದೂ ಅಲ್ಲ. ತನ್ನ ಭುಜಕ್ಕೂ ಬಾರದ ಒಬ್ಬರೇ ಒಬ್ಬರು ಈ ಮನೆತನದಲ್ಲಿರುವುದು. ಬಾಡಿಗೆ ಮನೆಯ ಎತ್ತರದ ಕಟ್ಟೆಯ ಮುಂದೆ ಮದುವೆಯಾದ ದಿನದಿಂದ ಮಣೆ ಹಾಕಿಕೊಂಡು ಹತ್ತಿ ನಿಂತೇ ಒಗ್ಗರಣೆ ಹಾಕಿದವರು.

ಅತ್ತಿಗೆ.

ಆಗ ಒಂದೊಂದೇ ಹೊಳೆಯಿತು. ಮೊದಲೆರಡು ಫ್ಲಾಟು ನೋಡಲು ಅತ್ತಿಗೆಯನ್ನು ಕರೆತಂದಿದ್ದ ಅಣ್ಣ, ಇದಕ್ಕೆ ಮಾತ್ರ "ಮುಗೀಲಿ ಇರು" ಅನ್ನುತ್ತಲೇ ಬಂದಿದ್ದ. ಇದು ಮಾರುವ ಮನೆಯೇ ಅಲ್ಲ. ಪೇಂಟರ್ ನೆಲದ ಮೇಲೆ ಕುಸಿದು, ದೊಡ್ಡ ಗಂಡಸು, ಮಗುವಿನ ಹಾಗೆ ಅತ್ತ.

ಅತ್ತಿಗೆಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ಇವತ್ತು ಬೇಡ, ನಾಳೆ. ನಾಳೆ ಬೇಡ, ನಾಡಿದ್ದು. ಅಷ್ಟರಲ್ಲಿ ಮೊದಲೇ ಬರಹೇಳಿದ್ದ ಮೂರನೆಯ ಏಜೆಂಟ್ ಬಂದ. ಮಾತು ಸಕ್ಕರೆ, ನಗು ಜೇನು. ಚಪ್ಪಲಿ ಹೊರಗೆ ಬಿಟ್ಟು ಬಂದವನು, ಟೈಲ್ಸ್ ಮೇಲೆ ಕೈಯಾಡಿಸಿ, "ಇದು ಯಾರಣ್ಣ ಮಾಡಿದ್ದು? ಕೈಗೆ ಮುತ್ತು ಕೊಡಬೇಕು" ಅಂದ. ಅಷ್ಟು ಸಾಕಾಯಿತು. ಪೇಂಟರ್ ಒಳಗಿದ್ದದ್ದನ್ನೆಲ್ಲ ಕಾರಿಕೊಂಡ: ಅಣ್ಣ, ಬಾಲ್ಕನಿ, ಅಡುಗೆಕಟ್ಟೆ, ಅತ್ತಿಗೆಯ ಎತ್ತರ. ಸಕ್ಕರೆ ಮಾತಿನವನು ಕಣ್ಣೊರೆಸಿಕೊಂಡ. ನಿಜವಾಗಿಯೇ ಒರೆಸಿಕೊಂಡ. ಇವನೇ ಸೈ ಅಂದುಕೊಂಡು ಪೇಂಟರ್ ಅತ್ತಿಗೆಯ ನಂಬರನ್ನೂ ಕೊಟ್ಟ. ಅವರದೂ ಒಪ್ಪಿಗೆ ಬೇಕಲ್ಲ.

ಸಂಜೆ ಪೇಂಟರ್ ಅತ್ತಿಗೆಯ ಮನೆಗೆ ಹೋದಾಗ ಒಲೆ ಹಚ್ಚಿರಲಿಲ್ಲ. ಅತ್ತಿಗೆ ಗೋಡೆಗೊರಗಿ ಕೂತಿದ್ದರು.

"ನಿನ್ನ ಏಜೆಂಟ್ ಫೋನ್ ಮಾಡಿದ್ದ."

ಪೇಂಟರ್ ಚಪ್ಪಲಿ ಬಿಟ್ಟು ಎದುರಿಗೆ ಕೂತ.

"ನಿಮ್ಮ ಯಜಮಾನರ ಪ್ರೀತಿ ನೋಡಿ ಅಳು ಬಂತಮ್ಮ ಅಂದ. ಯಾವ ಪ್ರೀತಿಯೋ ಅಂದೆ. ಅಡುಗೆಕಟ್ಟೆ ಅಂದ. ನಂಗೇ ಗೊತ್ತಿಲ್ಲದ್ದನ್ನ ನಂಗೆ ಹೇಳ್ತಿದಾನೆ, ಯಾವನೋ, ಮುಖ ಕಂಡಿಲ್ಲ ಮೂತಿ ಕಂಡಿಲ್ಲ."

"ತಪ್ಪಾಯ್ತು ಅತ್ತಿಗೆ. ಕಟ್ಟೆ ಎತ್ತರಿಸಿ ಅಂತ ಒಬ್ಬಳು ಏಜೆಂಟ್ ಅಂದಾಗಲೇ ಹೊಳೀತು, ನಾನೇ ಹೇಳಬೇಕಿತ್ತು."

"ಅಷ್ಟೇ ಅಲ್ಲ ಕಣೋ. ಇದನ್ನ ಕಥೆ ಮಾಡಿ ಫೋಟೋ ಜೊತೆ ಹಾಕ್ತಾನಂತೆ. ಹೆಂಡ್ತಿಗೋಸ್ಕರ ಕಟ್ಟಿದ್ದು, ಕಟ್ಟಿ ಸತ್ತ ಅಂತ. ಜನಕ್ಕೆ ಹಿಡಿಸುತ್ತಂತೆ. ನನ್ನದೊಂದು ಫೋಟೋ ಬೇಕಂತೆ, ಕಟ್ಟೆ ಪಕ್ಕ ನಿಲ್ಲಿಸಿ."

ಅತ್ತಿಗೆ ಎದ್ದು ಸೆರಗು ಸರಿಮಾಡಿಕೊಂಡರು. "ನಡಿ, ತೋರಿಸು."

ಮೂರನೆಯ ಫ್ಲಾಟಿನ ದೀಪ ಹಾಕಿದಾಗ ಅವರು ಬಾಲ್ಕನಿಯ ಕಡೆ ನೋಡಲೇ ಇಲ್ಲ. ನೇರ ಅಡುಗೆಮನೆಗೆ ಹೋಗಿ ಕಟ್ಟೆಯ ಮುಂದೆ ನಿಂತರು. ಅಂಗೈಯೆರಡೂ ಕಲ್ಲಿನ ಮೇಲೆ ಸಲೀಸಾಗಿ ಕೂತವು. ಭುಜ ಎತ್ತಬೇಕಾಗಲಿಲ್ಲ, ಮೊಣಕೈ ಮಡಿಸಬೇಕಾಗಲಿಲ್ಲ. ಒಲೆ ಇರಬೇಕಾದ ಕಡೆ ಕೈ ಚಾಚಿದರು. ಸಿಂಕಿನ ಕಡೆ ಚಾಚಿದರು. ಎಲ್ಲವೂ ಸಿಕ್ಕಿತು.

"ಅಳತೆ ಯಾವಾಗ ತಗೊಂಡ್ರೋ ಇವರು? ನಂಗೊಂದೂ ಗೊತ್ತಾಗಿಲ್ವಲ್ಲೋ" ಅಂದರು.

ಪೇಂಟರ್ ಮೆಲ್ಲಗೆ ಅಂದ: "ಇದನ್ನ ಮಾರೋದು ಬೇಡ. ಇದು ನಿಮ್ಮ ಪಾಲಿಗಿರಲಿ, ಉಳಿದದ್ದು ಹೇಗೋ ಹೊಂದಿಸೋಣ. ಇಲ್ಲೇ ಬಂದಿರಿ ಅತ್ತಿಗೆ."

"ಇದ್ದು?"

"ಅಣ್ಣನ ಆಸೆ ಅಲ್ವಾ?"

"ನಾನು ಅವರಿಗೆ ಅಡುಗೆ ಮಾಡ್ಲಿ ಅಂತ ಕಟ್ಟಿದ್ರು. ಇಲ್ಲಿ ನಿಂತು ಒಬ್ಬಳಿಗೆ ಹಿಡಿ ಅಕ್ಕಿ ಬೇಯಿಸಿಕೊಂಡು, ಆ ಬಾಲ್ಕನಿ ನೋಡ್ತಾ ತಿನ್ನಲಾ? ಆಗಲ್ಲಪ್ಪ ನನ್ನ ಕೈಲಿ. ಇಷ್ಟು ಕಂಡೆನಲ್ಲ, ಸಾಕು." ಅವರು ಮೂಗೊರೆಸಿಕೊಂಡರು. "ಎತ್ತರಿಸಿ ಅಂದೋಳು ಯಾರು?"

"ಟೇಪಿನವಳು. ಒರಟು ಹೆಂಗಸು ಅತ್ತಿಗೆ, ಒಂದು ಒಳ್ಳೇ ಮಾತೂ ಆಡ್ಲಿಲ್ಲ."

"ಅವಳಿಗೇ ಕೊಡು. ಅವಳು ಕಟ್ಟೆ ಮಾರ್ತಾಳೆ. ನನ್ನ ಮಾರಲ್ಲ."

ಮಾರನೆಯ ದಿನ ಪೇಂಟರ್ ಟೇಪಿನವಳಿಗೆ ಫೋನ್ ಮಾಡಿದ. ಮೂರು ತಿಂಗಳು ಮಾರಿಸುವ ಹಕ್ಕು ಅವಳೊಬ್ಬಳಿಗೇ ಎಂದು ಮಾತಾಯಿತು. ಕಟ್ಟೆ ತಗ್ಗೇಕಾಯಿತೆಂದು ಅವಳು ಕೇಳಲಿಲ್ಲ, ಇವನೂ ಹೇಳಲಿಲ್ಲ.

ಕಟ್ಟೆ ಎತ್ತರಿಸಲು ಕೂಲಿಯವರನ್ನು ಕರೆಸಬಹುದಿತ್ತು, ಮನಸ್ಸು ಬರಲಿಲ್ಲ. ಕಲ್ಲನ್ನು ಇಡಿಯಾಗಿ ಬಿಡಿಸಿ, ಕೆಳಗೆ ಇಟ್ಟಿಗೆ ಸೇರಿಸಿ, ಅದನ್ನೇ ಮೇಲೆ ಕೂರಿಸೋಣವೆಂದು ಉಳಿ ಹಿಡಿದು ತಾನೇ ಕೂತ. ಅಂಚಿನಲ್ಲಿ ಬಡಿದ, ಮೂಲೆಯಲ್ಲಿ ಬಡಿದ, ಅಡಿಯಲ್ಲಿ ತಂತಿ ತೂರಿಸಿದ. ಕಲ್ಲು ಕದಲಲಿಲ್ಲ. ಅಣ್ಣ ಕೂರಿಸಿದ ಕಲ್ಲು ಎಂದಾದರೂ ಸುಲಭಕ್ಕೆ ಬಿಟ್ಟಿದ್ದುಂಟೇ? "ಬಿಡೋ ಮಾರಾಯ, ಬಿಡು" ಎಂದು ಕಲ್ಲಿಗೋ ಅಣ್ಣನಿಗೋ ಬೇಡಿಕೊಂಡ. ಮಧ್ಯಾಹ್ನದ ಹೊತ್ತಿಗೆ ಸುತ್ತಿಗೆ ದೊಡ್ಡದನ್ನೇ ಎತ್ತಬೇಕಾಯಿತು.

ಅತ್ತಿಗೆ ಬಂದಾಗ ಅಡುಗೆಮನೆಯ ತುಂಬ ಧೂಳು, ಕಲ್ಲು ನಾಲ್ಕು ಹೋಳಾಗಿ ನೆಲದಲ್ಲಿ. ಪೇಂಟರ್‌ನ ರೆಪ್ಪೆಯ ಮೇಲೂ ಬೂದಿಯ ಹಾಗೆ ಧೂಳು ಕೂತಿತ್ತು. ಅವರು ಒಂದು ಹೋಳಿನ ತುದಿಗೆ ಕೈ ಹಾಕಿದರು.

"ಬಿಡಿ ಅತ್ತಿಗೆ, ಭಾರ ಇದೆ."

"ಆ ಕಡೆ ಹಿಡಿ ನೀನು" ಅಂದರು.