ಟ್ಯಾಂಕಿನ ಚೆಂಡು

"ಏಯ್! ಅಲ್ಲೇ ನಿಂತ್ಕಳೇ! ಅಡಿಗೆಮನೆ ಒಳಿಕ್ಕೆ ಇನ್ನೊಂದ್ ಎಜ್ಜೆ ಇಟ್ಟೆ ಅಂದ್ರೆ ಕಾಲ್ ಮುರ್ದಾಕ್ಬುಡ್ತೀನಿ!"

ಮುನಿವೆಂಕಟಯ್ಯ ಕೂಗಿದಾಗ ನನ್ನ ಒಂದು ಕಾಲು ಹೊಸಿಲಿನ ಒಳಗಿತ್ತು, ಇನ್ನೊಂದು ಹೊರಗಿತ್ತು. ಕೈಯಲ್ಲಿ ಟ್ಯಾಂಕಿನಿಂದ ಬಿಚ್ಚಿ ತಂದ ಒಡಕು ಪ್ಲಾಸ್ಟಿಕ್ ಚೆಂಡಿತ್ತು. ಅಡುಗೆಮನೆಯ ನಲ್ಲಿ ಸೋರುತ್ತಿದೆ, ಹೆಂಗೂ ಬಂದಿದ್ದೀಯ, ಅದನ್ನೂ ನೋಡು ಎಂದು ಒಳಗೆ ಕರೆದವಳು ಮುನಿವೆಂಕಟಯ್ಯನ ಹೆಂಡತಿಯೇ. ಈಗ ಆಕೆ ಸಿಂಕಿನ ಪಕ್ಕ ನಿಂತು, ನನ್ನನ್ನು ಕರೆದೇ ಇಲ್ಲದವಳ ಹಾಗೆ ಗೋಡೆ ನೋಡುತ್ತಿದ್ದಳು.

"ನೀನು ಚೌಡಿ ಮಗಳಲ್ವೇನೇ? ರತ್ನಿ?"

"ಈಗ ರತ್ನಕ್ಕ ಅಂತಾರೆ ಸಾರ್."

"ಓಹೋ, ಸಾರ್! ನಿಮ್ಮವ್ವ ಧಣಿ ಅಂತಿದ್ಲು ಕಣೇ. ಇತ್ಲಲ್ಲಿ ನಿಂತ್ಕಂಡು ಸೆರಗು ಒಡ್ತಿದ್ಲು."

ಹೌದು, ಒಡ್ಡುತ್ತಿದ್ದಳು. ಈ ಅಪಾರ್ಟ್‌ಮೆಂಟು ಎದ್ದಿರುವ ಜಾಗ ಮೊದಲು ಕೋಗಿಲು ಊರಿನ ಇದೇ ಮುನಿವೆಂಕಟಯ್ಯನ ರಾಗಿ ಹೊಲ. ನನ್ನವ್ವ ಇಲ್ಲಿ ಮೂವತ್ತು ವರ್ಷ ಕಳೆ ಕಿತ್ತಳು. ಬಿಲ್ಡರಿಗೆ ಹೊಲ ಕೊಟ್ಟ ಮುನಿವೆಂಕಟಯ್ಯ ಎಂಟು ಫ್ಲ್ಯಾಟು ತಗೊಂಡ, ಅಸೋಸಿಯೇಷನ್ನಿಗೆ ಅಧ್ಯಕ್ಷನೂ ಆದ. ಅವ್ವನಿಗೆ ಬೆರಳ ಗಂಟಿನ ನೋವು ಉಳಿಯಿತು. ಇದನ್ನು ಹೇಳುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಉರಿಯಲಿ.

ನಾನೂ ಮೆಹಬೂಬ್ ಬೀಯೂ ಸೇರಿ ಮನೆ ರಿಪೇರಿ ಕೆಲಸ ಶುರುಮಾಡಿ ಎರಡು ತಿಂಗಳಾಗಿತ್ತು. ಅವಳ ಗಂಡ ಪ್ಲಂಬರ್. ಅವನು ಕಟ್ಟಡದ ಸಾರುವೆಯಿಂದ ಬಿದ್ದು ಹಾಸಿಗೆ ಹಿಡಿದ ಮೇಲೆ ಸಾಮಾನಿನ ಚೀಲ ಇವಳ ಹೆಗಲಿಗೆ ಬಂತು. ನಾನು ಇದೇ ಬಿಲ್ಡಿಂಗಿನಲ್ಲಿ ನಾಲ್ಕು ವರ್ಷ ಮೆಟ್ಟಿಲು ಒರೆಸಿದವಳು, ಮುನಿವೆಂಕಟಯ್ಯ ಒಮ್ಮೆಯೂ ನನ್ನ ಮುಖ ನೋಡಿರಲಿಲ್ಲ. ಯಲಹಂಕದಲ್ಲಿ ಆರು ತಿಂಗಳ ತರಬೇತಿಗೆ ಹೋಗಿ ಸರ್ಟಿಫಿಕೇಟು ತಂದೆ. ನಲ್ಲಿ, ಫ್ಯಾನು, ಸ್ವಿಚ್ಚು, ಬಾಗಿಲ ಚಿಲಕ, ಎಲ್ಲಾ ಕಡಿಮೆ ದರದಲ್ಲಿ, ಬಂದು ನೋಡಿದ್ದಕ್ಕೆ ಕಾಸಿಲ್ಲ ಎಂದು ಪಾಂಪ್ಲೆಟ್ಟು ಹೊಡೆಸಿದೆವು. ಹಂಚಿದ್ದೇ ಬಂತು. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ನೋಟಿಸ್ ಬೋರ್ಡಿನಲ್ಲಿ ಫೋನ್ ನಂಬರಿಲ್ಲದವರನ್ನು ಗೇಟು ದಾಟಿಸುವುದಿಲ್ಲ. ಇಲ್ಲಿ ಆ ಬೋರ್ಡಿಗೆ ನಂಬರು ಹಾಕಿಸುವವನು ಅಧ್ಯಕ್ಷ. "ಟ್ಯಾಂಕಿನ ಕೆಲ್ಸ ಒಂದು ನೀಟಾಗಿ ಮಾಡ್ಕೊಡಿ, ಸಾರ್‌ಗೆ ಹೇಳಿ ಬೋರ್ಡ್‌ಗೆ ಹಾಕುಸ್ತೀನಿ," ಎಂದು ಸೆಕ್ಯೂರಿಟಿ ನರಸಯ್ಯ ಕರೆಸಿದ್ದ. ನಲವತ್ತೆಂಟು ಮನೆ. ಇದು ಕೈತಪ್ಪಿದರೆ ನಾನು ಮತ್ತೆ ಒರೆಸುವ ಬಟ್ಟೆ ಹಿಡಿಯಬೇಕು, ಅಷ್ಟೇ.

ಬೆಳಿಗ್ಗೆ ಏಳಕ್ಕೇ ಟೆರೇಸಿಗೆ ಹತ್ತಿದ್ದೆವು. ಚೆಂಡು ಒಡೆದಿದ್ದರಿಂದ ಟ್ಯಾಂಕು ತುಂಬಿದರೂ ನೀರು ನಿಲ್ಲದೆ, ಟ್ಯಾಂಕರಿನಲ್ಲಿ ತರಿಸಿದ್ದೆಲ್ಲ ಹೊರಗೆ ಚೆಲ್ಲಿ ಹೋಗುತ್ತಿತ್ತು. ಏಪ್ರಿಲ್ ತಿಂಗಳು. ನಮ್ಮ ಕಾಲೊನಿಯ ನಲ್ಲಿಯಲ್ಲಿ ಒಂಬತ್ತು ದಿನದಿಂದ ಹನಿಯಿರಲಿಲ್ಲ. ಕಾಲಿಗೆ ಮೊಣಕಾಲ ಮೇಲಿನವರೆಗೂ ಸೋಪು ಹಚ್ಚಿ ತೊಳೆದುಕೊಂಡು, ಒಗೆದ ಚೂಡಿದಾರ ಹಾಕಿಕೊಂಡು ನಾನು ಒಳಗೆ ಇಳಿದೆ. ಸೊಂಟದ ಮಟ್ಟ ನೀರಿತ್ತು. ಹೊಸ ಚೆಂಡು ಹಾಕಿ ಮೋಟಾರ್ ಬಿಟ್ಟೆವು. ಟ್ಯಾಂಕು ತುಂಬಿತು, ಚೆಂಡು ಎದ್ದಿತು, ನೀರು ತಾನಾಗಿ ನಿಂತಿತು. ಮೆಹಬೂಬ್ ಬೀ ಅಲ್ಲೇ ನಿಂತು ಚಪ್ಪಾಳೆ ಹೊಡೆದಳು.

ಟ್ಯಾಂಕು ಖಾಲಿ ಮಾಡುವ ವಾಲ್ವು ಮಾತ್ರ ತುಕ್ಕು ತಿಂದು ಹೋಗಿತ್ತು. "ನರಸಯ್ಯಣ್ಣ, ಇದನ್ನ ಯಾರೂ ಮುಟ್ಬೇಡಿ. ತೆಗೆದ್ರೆ ಮತ್ತೆ ಮುಚ್ಕಣಲ್ಲ, ಬದ್ಲಾಯಿಸ್ಬೇಕು," ಎಂದು ಹೇಳಿಯೇ ಕೆಳಗಿಳಿದೆ.

ಬಿಚ್ಚಿದ ಹಳೇ ಸಾಮಾನನ್ನು ಮಾಲೀಕರಿಗೆ ತೋರಿಸಬೇಕು, ಇಲ್ಲದಿದ್ದರೆ ಹೊಸದು ಹಾಕಿಲ್ಲ ಎನ್ನುತ್ತಾರೆ. ಮೆಹಬೂಬ್ ಬೀಯ ಗಂಡ ಮಲಗಿದಲ್ಲಿಂದಲೇ ಕಲಿಸಿದ ಪಾಠ ಅದು. ಹಾಗೆಂದೇ ಆ ಚೆಂಡು ಹಿಡಿದು ನಾಲ್ಕನೇ ಮಹಡಿಯ ಈ ಮನೆಗೆ ಬಂದದ್ದು. ತೋರಿಸುವ ಹುಮ್ಮಸ್ಸು ಇಲ್ಲದಿದ್ದರೆ ಏನೂ ಆಗುತ್ತಿರಲಿಲ್ಲ.

ಮುನಿವೆಂಕಟಯ್ಯ ಚೊಂಬೆತ್ತಿ ಗಟಗಟ ನೀರು ಕುಡಿದು, ಸ್ವಲ್ಪ ತಣ್ಣಗಾದ.

"ನೋಡು, ಚೌಡಿ ಮಗ್ಳು ಅಂತ ಏಳ್ತಿದೀನಿ. ಬೋರ್ಡ್‌ಗೆ ನಿಮ್ ನಂಬರ್ ಆಕುಸ್ತೀನಿ. ಕಕ್ಕಸ್ ಕಟ್ಕಂತು, ಚೇಂಬರ್ ತುಂಬ್ಕಂತು, ನೀವ್ ಬನ್ನಿ. ಅಷ್ಟು ಮಾತ್ರ ಬರುಸ್ತೀನಿ. ಈ ನಲ್ಲಿ, ಅಡಿಗೆಮನೆ ಎಲ್ಲ ನಿಮ್ಗ್ಯಾಕೆ? ತಲತಲಾಂತ್ರದಿಂದ ಮಾಡ್ಕಂಡ್ ಬಂದಿರೋ ಕೆಲ್ಸ ಬುಟ್ಟು?"

ಬಾಗಿಲಲ್ಲಿ ನನ್ನ ಹಿಂದೆ ನಿಂತಿದ್ದ ಮೆಹಬೂಬ್ ಬೀ ನನ್ನ ಸೊಂಟ ಚಿವುಟಿದಳು. ಹೂಂ ಅನ್ನು ಎಂದರ್ಥ. ಸುಳ್ಳೇಕೆ ಹೇಳಲಿ, ಹೂಂ ಅನ್ನಬೇಕೆಂದು ನನ್ನ ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಅವನ ಕಣ್ಣು ನನ್ನ ಕೈ ಮೇಲೆ ಬಿತ್ತು.

"ಏನೇ ಅದು?"

"ಟ್ಯಾಂಕಿನ ಚೆಂಡು ಸಾರ್. ಒಡ್ದೋಗಿತ್ತು. ಒಸದು ಆಕಿದೀವಿ."

"ಟ್ಯಾಂಕ್ ಒಳಿಕ್ಕೆ ಯಾವನ್ ಇಳ್ದಿದ್ದು?"

ನರಸಯ್ಯ ಎಂದುಬಿಟ್ಟಿದ್ದರೆ ಮುಗಿದಿತ್ತು. ಆದರೆ ಇಡೀ ಬೆಳಿಗ್ಗೆ ಮಾಡಿದ ಕೆಲಸ ನನ್ನದು. ಆರು ತಿಂಗಳು ಕಲಿತವಳು ನಾನು.

"ನಾನೇ. ಸೊಂಟದ ಮಟ್ಟ ನೀರಲ್ಲಿ ನಿಂತ್ಕಂಡು."

ಅವನು ಕೈಯಲ್ಲಿದ್ದ ಚೊಂಬು ನೋಡಿದ. ಮೀಸೆ ಇನ್ನೂ ಒದ್ದೆಯಾಗಿತ್ತು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು.

"ಫಿಲ್ಟರ್ ಆಗಿ ಬತ್ತದಲ್ಲ, ಬುಡಿ," ಎಂದು ಹೆಂಡತಿ ಮೆಲ್ಲಗೆ ಅಂದಳು.

"ಫಿಲ್ಟರ್‌ನಲ್ಲಿ ಓಯ್ತದೇನೇ ಅದು!" ಚೊಂಬು ನನ್ನ ಕಾಲ ಬಳಿ ಬಂದು ಬಿತ್ತು. "ಓಗೇ ಆಚೆಗೆ, ಮುಂಡೆ! ಒಲಗೇರಿ ಕೊಳೇನೆಲ್ಲ ತಂದು ನಮ್ ಬಾಯಿಗ್ ಬುಟ್ಯಲ್ಲೇ!" ಆಮೇಲೆ ಇಂಟರ್‌ಕಾಮ್ ಹಿಡಿದು ಕೂಗಿದ. "ಲೇ ನರಸಯ್ಯ, ಟ್ಯಾಂಕ್ ಖಾಲಿ ಮಾಡೋ. ಪೂರ್ತಿ! ಟ್ಯಾಂಕರ್ ನಾಳೇಕ್ ಬಂದ್ರೆ ಬರ್ಲಿ, ನಿಮ್ಮಪ್ಪಂದೇನೋ ನೀರು? ಯಾರಾದ್ರೂ ಕೇಳುದ್ರೆ ಕ್ಲೀನಿಂಗ್ ಅನ್ನು!"

ಮೆಟ್ಟಿಲಿಳಿದು ಗೇಟಿನ ಆಚೆ ಬಂದ ಮೇಲೆ ಮೆಹಬೂಬ್ ಬೀ ಚೀಲವನ್ನು ನೆಲಕ್ಕೆ ಕುಕ್ಕಿದಳು.

"ನಿಂದು ಬಾಯಿ ಐತಲ್ಲ ರತ್ನಾ, ಅದಕ್ಕೆ ಮೊದ್ಲು ವಾಲ್ವ್ ಹಾಕ್ಬೇಕು! ಬೋರ್ಡು ಹೋಯ್ತು. ನಮ್ಮನೆಯವ್ರಿಗೆ ಏನಂತ ಹೇಳ್ಲಿ ನಾನು, ಹಾಂ? ಒಂದು ಸುಳ್ಳು ಹೇಳಕ್ಕೆ ಏನಾಗಿತ್ತು ನಿಂಗೆ?"

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಅಲ್ಲೇ ಫುಟ್‌ಪಾತಿನ ಮೇಲೆ ಕೂತೆ.

ಆಗ ಸದ್ದು ಕೇಳಿಸಿತು. ಕಾಂಪೌಂಡ್ ಗೋಡೆಯ ತೂತಿನಿಂದ ರಸ್ತೆಯ ಚರಂಡಿಗೆ ಬಿಟ್ಟಿದ್ದ ದಪ್ಪ ಪೈಪು ಮೊದಲು ಗೊರಗೊರ ಅಂದಿತು, ಆಮೇಲೆ ತೊಡೆ ಗಾತ್ರದ ನೀರು ಕಕ್ಕತೊಡಗಿತು. ಬೆಳಿಗ್ಗೆ ನಾನು ನಿಂತಿದ್ದ ನೀರು. ತಿಳಿಯಾಗಿತ್ತು.

ನಾನು ಫೋನ್ ತೆಗೆದು ಮೆಹಬೂಬ್ ಬೀಯ ಮಗಳು ಮುನ್ನಿಗೆ ಮಾಡಿದೆ.

"ಮುನ್ನೀ, ಮನೇಲಿರೋ ಕೊಡ ಎಲ್ಲ ತಗಂಡ್ ಬಾ, ನಮ್ಮವ್ವನ ಇತ್ತಾಳೆ ಕೊಡಾನೂ. ಬೀದಿಯೋರ್ಗೆಲ್ಲ ಏಳು. ಅಪಾರ್ಟ್‌ಮೆಂಟ್ ಗೇಟ್ ತಾವ. ಓಡು!"

ಕಾಲೊನಿ ಇರುವುದು ರಸ್ತೆ ದಾಟಿದರೆ ಎರಡನೇ ಬೀದಿ. ಕೊಡ, ಬಕೆಟ್ಟು, ಪೇಂಟಿನ ಡಬ್ಬ, ಮಗು ಮೀಯಿಸುವ ಟಬ್ಬು, ಕೈಗೆ ಸಿಕ್ಕಿದ್ದನ್ನು ಹಿಡಿದು ಬಂದರು. ಯಾರೂ ಜಗಳವಾಡಲಿಲ್ಲ, ಅಷ್ಟು ನೀರಿತ್ತು. ಸ್ವಲ್ಪ ಹೊತ್ತಿಗೆ ಎರಡನೇ ಮಹಡಿಯಲ್ಲಿ ಬಾಡಿಗೆಗಿರುವ ಸ್ನೇಹಾ ಎಂಬ ಹುಡುಗಿ ಬಕೆಟ್ಟು ಹಿಡಿದು ಗೇಟಿಗೆ ಬಂದಳು. "ಅಕ್ಕ, ಮಗು ಮೈಗೆ ಸೋಪ್ ಹಚ್ಚಿದೀನಿ, ನೀರೇ ನಿಂತೋಯ್ತು. ಇವತ್ತೇ ಯಾಕೆ ಕ್ಲೀನಿಂಗು?" ಎಂದಳು. ಆ ಮಗುವಿನ ವಿಷಯ ಕೇಳಿ ನನಗೆ ಪಿಚ್ಚೆನಿಸಿತು. "ಅಧ್ಯಕ್ಷರನ್ನೇ ಕೇಳಮ್ಮ," ಎಂದೆ. ಮುನ್ನಿ ಸರಿದು ಅವಳ ಬಕೆಟ್ಟಿಗೆ ಜಾಗ ಮಾಡಿದಳು.

"ಲೇ ನರಸಯ್ಯ! ನಿಲ್ಸೋ ಅದನ್ನ! ನಮ್ ನೀರೆಲ್ಲ ಕೇರಿಗೆ ಓಯ್ತಾ ಐತೆ!"

ಮುನಿವೆಂಕಟಯ್ಯ ಬಾಲ್ಕನಿಯಲ್ಲಿ ನಿಂತಿದ್ದ. ತಾನು ಕುಡಿಯಲಾರದ ನೀರನ್ನು ನಾವೂ ಕುಡಿಯಬಾರದು ಎಂಬುದು ಅವನ ಲೆಕ್ಕ. ಟೆರೇಸಿನಿಂದ ಏದುಸಿರು ಬಿಡುತ್ತ ಇಳಿದು ಬಂದ ನರಸಯ್ಯನ ಕೈಯಲ್ಲಿ ವಾಲ್ವಿನ ಹಿಡಿ ಇತ್ತು.

"ಕಿತ್ಕೊಂಡ್ ಕೈಗೇ ಬಂತು ಸಾರ್! ಮುಚ್ಚಕ್ಕಾಗ್ತಿಲ್ಲ! ಪ್ಲಂಬರೇ ಬರ್ಬೇಕು!"

ಬೇರೆ ಮನೆಗಳ ಕಿಟಕಿಗಳಿಂದಲೂ ತಲೆಗಳು ಹೊರಬಂದಿದ್ದವು.

"ಏಯ್ ರತ್ನೀ! ಬಾರೇ ಮೇಲಕ್ಕೆ! ಬಂದು ನಿಲ್ಸು ಇದನ್ನ!"

ರೂಢಿಯಂತೆ ಮೆಹಬೂಬ್ ಬೀ ಚೀಲ ಎತ್ತಿದಳು. ನನ್ನ ಮುಖ ನೋಡಿದಳು. ಆಮೇಲೆ ಅದನ್ನು ಕೆಳಗಿಟ್ಟು ಅದರ ಮೇಲೆಯೇ ಕೂತುಕೊಂಡಳು.

ನಾನು ಎದ್ದು ನಿಂತು, ಕೈಗಳೆರಡನ್ನೂ ಬಾಯಿಯ ಅಕ್ಕಪಕ್ಕ ಹಿಡಿದು, ಇಡೀ ಬಿಲ್ಡಿಂಗಿಗೆ ಕೇಳಿಸುವ ಹಾಗೆ ಕೂಗಿದೆ.

"ನಮ್ದು ಕಕ್ಕಸ್ ಕೆಲ್ಸ ಮಾತ್ರ, ಧಣೀ! ನೀವೇ ಏಳಿದ್ರಲ್ಲ!"

ಮುನ್ನಿ ತುಂಬಿದ ಕೊಡ ಎತ್ತಿಕೊಂಡಳು. ನಾನು ಅವ್ವನ ಹಿತ್ತಾಳೆ ಕೊಡವನ್ನು ಪೈಪಿನ ಬಾಯಿಗೆ ಹಿಡಿದೆ.