ಸೋಪಿನ ವಾಸನೆ ಇಲ್ಲದ ನೀರು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಬರುತ್ತದೆ, ಹೋಗುತ್ತದೆ. ಆ ದಿನದ್ದು ಮಾತ್ರ ಇನ್ನೂ ಹೋಗಿಲ್ಲ.

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕೊಳೆಬಟ್ಟೆ ವಿಂಗಡಿಸುವವಳು ನಾನು. ಹೆರಿಗೆ ವಾರ್ಡಿನ ಬೆಡ್‌ಶೀಟ್ ಬಿಡಿಸಿದರೆ ಸಾಕು, ಮೇಲೆ ಏನು ನಡೆಯಿತೆಂದು ಹೇಳಿಬಿಡುತ್ತೇನೆ. ಹಸಿರು ಕಲೆ ಇದ್ದರೆ ಮಗು ಹೊಟ್ಟೆಯಲ್ಲೇ ಕಕ್ಕ ಮಾಡಿಕೊಂಡಿದೆ, ನರ್ಸುಗಳು ಎದ್ದುಬಿದ್ದು ಓಡಾಡಿದ್ದಾರೆ ಎಂದರ್ಥ. ಈ ವಿದ್ಯೆಯ ಜಂಬ ನನಗೆ ಬಹಳ ಇತ್ತು.

ನನ್ನ ಸೊಸೆಗೂ ಅಲ್ಲೇ ಇಸ್ತ್ರಿ ಮಾಡುವ ಕೆಲಸ. ಚೊಚ್ಚಲ ಬಸುರಿ. ರಜೆ ಬರೆದದ್ದು ಇಪ್ಪತ್ತನೇ ತಾರೀಕಿನಿಂದ. ಅಂದು ಇನ್ನೂ ಆರು. ನಮ್ಮ ಸೂಪರ್‌ವೈಸರ್‌ಗೆ ನಾವು ಇಟ್ಟ ಹೆಸರು ‘ರಿಜಿಸ್ಟರ್’. ಅದರಲ್ಲಿ ಬರೆಯದೇ ಇದ್ದದ್ದು ಅವನ ಪಾಲಿಗೆ ಭೂಮಿಯ ಮೇಲೇ ಇಲ್ಲ.

ಹಿಂದಿನ ವಾರವೇ ಅವಳ ಹೊಟ್ಟೆ ಇಳಿದಿತ್ತು. “ಉಸಿರಾಡೋಕೆ ಈಗ ಸಲೀಸು ಅತ್ತೆ, ಆದ್ರೆ ಗಳಿಗೆಗೊಂದ್ಸಲ ಬಾತ್‌ರೂಮಿಗೆ ಓಡ್ಬೇಕು” ಅಂದಿದ್ದಳು. ಆ ಬೆಳಿಗ್ಗೆ ರಕ್ತದ ಎಳೆಯಿದ್ದ ಅಂಟು ಕಂಡಿತ್ತಂತೆ. ಸೊಂಟ ಹಿಡಿದು ಹಿಡಿದು ಬಿಡುತ್ತಿತ್ತು. ಮೂರು ಹೆತ್ತವಳು ನಾನು. ಇನ್ನೇನು ಬೇಕಿತ್ತು ನನಗೆ, ಡಂಗುರ ಸಾರಬೇಕಿತ್ತೇ?

ಹತ್ತು ಗಂಟೆಗೆ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದಳು: “ಅತ್ತೆ, ಕೆಳಗೆಲ್ಲ ಒದ್ದೆಯಾಗಿದೆ.”

“ಲಾಂಡ್ರಿಯಲ್ಲಿ ಒದ್ದೆ ಆಗ್ದೆ ಒಣಗ್ತೀಯೇನೇ?” ಅಂದೆ. ಸುತ್ತಲಿದ್ದವರು ನಕ್ಕರು. ನಮ್ಮಲ್ಲಿ ಎಲ್ಲರ ಬಟ್ಟೆಯೂ ದಿನವಿಡೀ ತೊಟ್ಟಿಕ್ಕುತ್ತಲೇ ಇರುತ್ತದೆ.

“ಅದಲ್ಲ ಅತ್ತೆ, ಇದು...”

“ದಿನ ತುಂಬೋಕೆ ಇನ್ನೂ ಇಪ್ಪತ್ತು ದಿನ ಇದೆ ಕಣೆ. ನಿನ್ನ ಗಂಡನ್ನ ಹೆತ್ತ ದಿನ ನಾನು ಎಂಟು ಮೂಟೆ ಬಟ್ಟೆ ಬಿಡಿಸಿ ಹೋಗಿದ್ದೆ, ಗೊತ್ತಾ?”

ಅವಳು ಇಸ್ತ್ರಿ ಮೇಜಿಗೆ ವಾಪಸ್ ಹೋದಳು.

ಎರಡು ಗಂಟೆಗೆ ಆ ಮೇಜಿನ ಕೆಳಗೆ ನೀರು ನಿಂತಿತ್ತು. ರಿಜಿಸ್ಟರ್ ಕಿರುಚಿದ: “ಮೂರನೇ ಮಷೀನು ಮತ್ತೆ ಸೋರ್ತಿದೆ! ಮೆಕ್ಯಾನಿಕ್‌ನ ಕರೀರಿ. ನೀನ್ಯಾಕಮ್ಮ ಮೇಜು ಹಿಡ್ಕೊಂಡು ನಿಂತಿದ್ದೀಯ? ಒರೆಸು!”

ಅವಳು ಬಗ್ಗಲು ಹೋದಳು, ಆಗಲಿಲ್ಲ. ನಾನೇ ಗೊಣಗುತ್ತಾ ಕುಕ್ಕರಗಾಲಲ್ಲಿ ಕೂತು ಒಂದು ಬಿಳಿ ಚಿಂದಿಯಿಂದ ಒರೆಸಿದೆ. ಹಿಂಡುವಾಗ ಮೂಗಿಗೆ ಏನೂ ಬಡಿಯಲಿಲ್ಲ. ಸೋಪಿಲ್ಲ, ಬ್ಲೀಚಿಲ್ಲ. ನಮ್ಮ ಲಾಂಡ್ರಿಯಲ್ಲಿ ಆ ವಾಸನೆಯಿಲ್ಲದ ನೀರೇ ಇಲ್ಲ. ಚಿಂದಿಯನ್ನು ಬಿಡಿಸಿ ನೋಡಿದೆ. ತೆಳ್ಳಗೆ ಹಸಿರು.

ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

“ಮಗು ಅಲುಗಾಡ್ತಿದೆಯೇನೇ?”

“ಊಟದ ಹೊತ್ತಿಂದ ಅಷ್ಟಾಗಿ ಇಲ್ಲ ಅತ್ತೆ.”

ಒಗೆದು ಮಡಚಿದ ಬೆಡ್‌ಶೀಟುಗಳಿದ್ದ ಟ್ರಾಲಿಯನ್ನು ನೆಲಕ್ಕೆ ಬಗ್ಗಿಸಿ ಖಾಲಿ ಮಾಡಿದೆ. ಅವಳನ್ನು ಅದರೊಳಗೆ ಕೂರಿಸಿದೆ. ರಿಜಿಸ್ಟರ್ ಲಿಫ್ಟಿಗೆ ಅಡ್ಡ ನಿಂತ.

“ಈ ಲಿಫ್ಟು ಬಟ್ಟೆಗೆ ಮಾತ್ರ. ಅವಳ ರಜೆ ಇಪ್ಪತ್ತಕ್ಕೆ. ಮೊದ್ಲು ಒಂದು ಅರ್ಜಿ...”

“ಮಗು ನಿನ್ನ ರಿಜಿಸ್ಟರ್ ಓದ್ಕೊಂಡು ಹುಟ್ಟುತ್ತೇನೋ ಮುಠ್ಠಾಳ! ಸರಿ ಆ ಕಡೆ, ಇಲ್ದಿದ್ರೆ ನಿನ್ನನ್ನೇ ಮಷೀನಿಗೆ ಹಾಕಿ ತಿರುಗಿಸ್ತೀನಿ!”

ಅವನು ಸರಿದ. ಲಿಫ್ಟಿನಲ್ಲಿ ಮೂರು ಮಹಡಿ ಮುಗಿಯುವವರೆಗೂ ಅವನಿಗೆ ಹಿಡಿಶಾಪ ಹಾಕಿದೆ. ಸೊಸೆ ಟ್ರಾಲಿಯ ಕಂಬಿ ಕಚ್ಚಿ ಹಿಡಿದಿದ್ದಳು.

ಡಾಕ್ಟರಮ್ಮ ನೋಡಿದ್ದೇ ತಡ, ಮುಖ ಬಿಗಿಯಿತು. “ನೀರು ಯಾವಾಗ ಹೋಯ್ತು?”

‘ಈಗಷ್ಟೇ’ ಎನ್ನಬಹುದಿತ್ತು. ‘ಸೂಪರ್‌ವೈಸರ್ ಬಿಡಲಿಲ್ಲ’ ಎಂದರೂ ನಂಬುತ್ತಿದ್ದರು. ನಾಲಿಗೆ ತುದಿಯವರೆಗೂ ಬಂದಿತ್ತು.

“ಹತ್ತು ಗಂಟೆಗೆ” ಅಂದೆ. “ನಂಗೆ ಹೇಳಿದ್ಲು. ನಾನು ತಮಾಷೆ ಮಾಡ್ದೆ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಪರೇಷನ್‌ಗೆ ತಯಾರು ಮಾಡಿ ಎಂದು ಕೂಗುತ್ತಾ ಒಳಗೆ ಓಡಿದರು.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತಂತೆ. ಬೆಂಚಿನ ಮೇಲೆ ಕೂತು ಆ ಹಲ್ಲಿಗೆ ಬಾಯಿಗೆ ಬಂದಂತೆ ಬೈದೆ. ಆಮೇಲೆ ಬಾಗಿಲಾಚೆ ಮಗು ಅತ್ತಿತು. ಮೊದಲು ಸಣ್ಣಗೆ, ಆಮೇಲೆ ಯಾರಿಗೋ ಬೈಯುವ ಹಾಗೆ.

“ಹೆಣ್ಣು ಮಗು. ಇನ್ನು ಅರ್ಧ ಗಂಟೆ ತಡ ಆಗಿದ್ರೆ...” ಎಂದಳು ನರ್ಸು.

ಸಂಜೆ ವಾರ್ಡಿಗೆ ಹೋದೆ. ಸೊಸೆ ಮಗುವನ್ನು ಎದೆಗೊತ್ತಿಕೊಂಡಿದ್ದಳು. ನಾನು ಎತ್ತಿಕೊಳ್ಳಲು ಕೈ ಚಾಚಿದೆ. ಕೊಡಲಿಲ್ಲ.

“ಹತ್ತು ಗಂಟೆಗೇ ಹೇಳಿದ್ದೆ ಅತ್ತೆ.”

ಮದುವೆಯಾಗಿ ಎರಡು ವರ್ಷವಾಯಿತು, ಅವಳ ದನಿಯಲ್ಲಿ ಸಿಟ್ಟು ಕಂಡದ್ದು ಅಂದೇ ಮೊದಲು.

“ಹೌದು ಕಣಮ್ಮ, ಹೇಳಿದ್ದೆ” ಅಂದೆ. “ಇನ್ನೊಂದ್ಸಲ ಹೇಳು. ಜೋರಾಗೇ ಹೇಳು.”

ಹೇಳಿದಳು. ವಾರ್ಡಿನವರೆಲ್ಲ ತಿರುಗಿ ನೋಡಿದರು. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಅವಳು ಮುಗಿಸುವವರೆಗೂ ನಿಂತು ಕೇಳಿಸಿಕೊಂಡೆ.