ಶೆಡ್ಡುಗಳಿಗೆಲ್ಲ ರೈಟು

ಪಟ್ಟಂದೂರು ಅಗ್ರಹಾರದಲ್ಲಿ ದಡಾರ ಕಾಣಿಸಿಕೊಂಡಾಗ ಆಶಾ ಕಾರ್ಯಕರ್ತೆ ಯಮುನಾ ಮನೆಮನೆ ಸುತ್ತಿದಳು. ಮಕ್ಕಳಿಗೆ ಲಸಿಕೆ ಆಗಿದ್ದ ಮನೆಗೆ ಸೀಮೆಸುಣ್ಣದಲ್ಲಿ ರೈಟು, ಬೀಗ ಹಾಕಿದ್ದ ಮನೆಗೆ ಇಂಟು. ಇಂಟು ಇದ್ದಲ್ಲಿಗೆ ನರ್ಸ್ ಜೊತೆ ಮತ್ತೆ ಬರಬೇಕು. ಹಗಲು ಹೊತ್ತು ಕೂಲಿಯವರ ಮನೆಗೆ ಹೋದರೆ ಬೀಗವಲ್ಲದೆ ಇನ್ನೇನು ಸಿಕ್ಕೀತು? ಓನರ್ ಲಕ್ಷ್ಮಯ್ಯನವರು ಬಾಡಿಗೆಗೆ ಕೊಟ್ಟಿದ್ದ ತಗಡಿನ ಶೆಡ್ಡುಗಳ ಸಾಲಿಗೆ ಸಾಲೇ ಇಂಟು ಬಿತ್ತು.

ಕೊನೆಯ ಶೆಡ್ಡಿನಲ್ಲಿದ್ದವಳು ಯಾದಗಿರಿ ಕಡೆಯ ಹೊಳೆವ್ವ. ಅವಳೂ ಸೊಸೆ ಶಿವಗಂಗಾಳೂ ಕೂಸು ದಾನೇಶ್ವರಿಯನ್ನು ಕಟ್ಟಡದ ಕೆಲಸಕ್ಕೇ ಎತ್ತಿಕೊಂಡು ಹೋಗುತ್ತಿದ್ದರು. ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರದ ಲಸಿಕೆ ತಪ್ಪಿತ್ತು. ಆಗಲೇ ಹೂಡಿಯಲ್ಲಿ ಅವರು ಮೊದಲಿದ್ದ ಗುಡಿಸಲು ನೆಲಸಮವಾಗಿದ್ದು. ಯಾರೋ ಬಂದು ಗೋಡೆಗೆ ಇಂಟು ಎಳೆದು ಹೋಗಿದ್ದರು, ಬೆಳಗಾದರೆ ಜೆಸಿಬಿ. ರೊಟ್ಟಿ ಹಂಚೂ ಮಣ್ಣುಪಾಲಾಗಿತ್ತು.

ಸಂಜೆ ಬಾಗಿಲ ಮೇಲೆ ಅದೇ ಇಂಟು ಕಂಡಳು ಹೊಳೆವ್ವ. ಓನರ್ ಮನೆಗೆ ಓಡಿ ನೋಡಿದರೆ ಅಲ್ಲಿ ರೈಟು. ಉಳ್ಳವರಿಗೆ ರೈಟು, ಇಲ್ಲದವರಿಗೆ ಇಂಟು. ಅವಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅವಳ ಜಾಗದಲ್ಲಿದ್ದರೆ ನನಗೂ ಬೇಕಾಗುತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಇಂಟುಗಳನ್ನೆಲ್ಲ ಒರೆಸಿ, ಚೂರು ಸೀಮೆಸುಣ್ಣ ಹುಡುಕಿ ತಂದು, ಓನರ್ ಬಾಗಿಲಲ್ಲಿ ಇದ್ದಂತೆಯೇ ಎಲ್ಲ ಶೆಡ್ಡಿಗೂ ರೈಟು ಹಾಕಿದಳು. ಮುದುಕಿಯ ತಲೆ ಎಷ್ಟು ಚುರುಕು ಎಂದು ನೆರೆಯವರು ಕರೆದು ಚಹಾ ಕೊಟ್ಟರು.

ಮರುದಿನ ಯಮುನಾ ನರ್ಸ್ ಜೊತೆ ಬಂದಳು. ಎಲ್ಲೆಲ್ಲೂ ರೈಟು. ಸಂಜೆ ಇನ್ನೊಂದು ತಂಡ ಬಂದು ಮುಗಿಸಿರಬೇಕು ಅಂದುಕೊಂಡರು. ಕೇಳೋಣವೆಂದರೆ ಸಾಲಿನಲ್ಲಿ ನರಪಿಳ್ಳೆಯಿಲ್ಲ. ಇನ್ನೂ ಎಷ್ಟೋ ಬೀದಿ ಬಾಕಿಯಿತ್ತು. ಲಸಿಕೆಯ ಡಬ್ಬಿ ಮುಂದಕ್ಕೆ ಹೋಯಿತು.

ತಿಂಗಳು ತುಂಬುವುದರೊಳಗೆ ಕೂಸಿಗೆ ಜ್ವರ ಬಂತು, ಮೈತುಂಬ ಕೆಂಪು ಗುಳ್ಳೆ ಎದ್ದವು, ಆಮೇಲೆ ಉಸಿರು ಕಟ್ಟತೊಡಗಿತು. ಆಸ್ಪತ್ರೆಯಲ್ಲಿ ದಡಾರ ಎದೆಗಿಳಿದಿದೆ ಎಂದರು. ದಾನೇಶ್ವರಿ ಉಳಿಯಲಿಲ್ಲ. ಹೊಟ್ಟೆ ಉರಿಯುತ್ತದೆ, ಆದರೆ ಯಾರನ್ನು ಬೈಯುವುದು?

ಸುದ್ದಿ ತಿಳಿದು ಬಂದ ಯಮುನಾ, ಲಸಿಕೆ ಯಾರು ಹಾಕಿದ್ದು ಎಂದು ಕೇಳಿದಳು. ಯಾರೂ ಹಾಕಿಲ್ಲ ಎಂದಳು ಹೊಳೆವ್ವ. ಮತ್ತೆ ಈ ರೈಟು ಎಂದು ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದಳು: "ಮನಿ ಕೆಡವತಾರಂತ ಹೆದರಿ ನಾನ ಹಾಕೀನವ್ವ."

ಯಮುನಾ ಹೊಸ್ತಿಲ ಮೇಲೆ ಕೂತಳು. "ಅದು ಸೂಜಿ ಹಾಕೋಕೆ ನಾವು ಮತ್ತೆ ಬರ್ತೀವಿ ಅಂತ ಗುರುತು ಅಜ್ಜಿ" ಎನ್ನುವಷ್ಟರಲ್ಲಿ ಅವಳಿಗೇ ಅಳು ಬಂತು.

ಶಿವಗಂಗಾ ಅಳಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು:

"ಇರಲಿ ಬಿಡ್ರಿ ಅತ್ತಿ. ಮನಿ ಉಳೀತಲ್ಲ."